ಕ್ರಿಕೆಟ್ ಲೀಗ್‌ನ ದುಡ್ಡಿನ ಲೆಕ್ಕ: ಕಾಸರಗೋಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ಮಂಜೇಶ್ವರದಿಂದ ಚೆರ್ಕಳದವರೆಗೆ ಯಾವ ಕ್ಲಬ್ಬಿನ ಜಗಲಿಯಲ್ಲಿ ಕೂತರೂ ಏಪ್ರಿಲ್-ಮೇ ತಿಂಗಳಲ್ಲಿ ಒಂದೇ ಮಾತು, ಐಪಿಎಲ್. ಯಾರು ಗೆಲ್ತಾರೆ ಅನ್ನೋದು ಮೊದಲು. ಸ್ವಲ್ಪ ಹೊತ್ತಾದ ಮೇಲೆ, ಇಷ್ಟು ದುಡ್ಡು ಎಲ್ಲಿಂದ ಬರುತ್ತದೆ ಮಾರಾಯ್ರೇ ಅನ್ನೋ ಪ್ರಶ್ನೆ. ಈ ಪುಟ ಆ ಎರಡನೆಯ ಪ್ರಶ್ನೆಗೆ ಮಾತ್ರ. ಯಾರು ಗೆಲ್ತಾರೆ ಅಂತ ಇಲ್ಲಿ ಹುಡುಕಬೇಡಿ.

ಐಪಿಎಲ್‌ಗೆ ದುಡ್ಡು ಬರೋದು ಎಲ್ಲಿಂದ?

ದೊಡ್ಡ ಪಾಲು ಪ್ರಸಾರದ ಹಕ್ಕಿನಿಂದ. 2023ರಿಂದ 2027ರವರೆಗಿನ ಐದು ವರ್ಷಕ್ಕೆ ಭಾರತದ ಕ್ರಿಕೆಟ್ ಮಂಡಳಿ ಬಿಸಿಸಿಐ ಈ ಹಕ್ಕನ್ನು 48,390 ಕೋಟಿ ರೂಪಾಯಿಗೆ ಮಾರಿತು. ಅದಕ್ಕೂ ಹಿಂದಿನ ಐದು ವರ್ಷಕ್ಕೆ ಸ್ಟಾರ್ ಟಿವಿಯವರು ಕೊಟ್ಟದ್ದು 16,347.5 ಕೋಟಿ. ಅಂದರೆ ಒಂದೇ ಹರಾಜಿನಲ್ಲಿ ಬೆಲೆ ಮೂರು ಪಟ್ಟಿನ ಹತ್ತಿರ ಹೋಯಿತು. 410 ಪಂದ್ಯಗಳ ಲೆಕ್ಕ ಹಿಡಿದರೆ ಒಂದು ಪಂದ್ಯಕ್ಕೆ ಸುಮಾರು 118 ಕೋಟಿ.

ಎರಡನೆಯದು ಪ್ರಾಯೋಜಕರು. 2008ರಲ್ಲಿ ಲೀಗಿನ ಹೆಸರಿನ ಜೊತೆ ತಮ್ಮ ಹೆಸರು ಸೇರಿಸಲು ಕಟ್ಟಡ ಕಂಪನಿ ಡಿಎಲ್ಎಫ್ ವರ್ಷಕ್ಕೆ 40 ಕೋಟಿ ಕೊಡುತ್ತಿತ್ತು. 2024ರಿಂದ 2028ರವರೆಗೆ ಟಾಟಾ ಒಪ್ಪಿದ್ದು 2,500 ಕೋಟಿ, ಅಂದರೆ ವರ್ಷಕ್ಕೆ 500 ಕೋಟಿ.

ಇದರ ಮೇಲೆ ತಂಡಗಳ ಸ್ವಂತ ಸಂಪಾದನೆ ಬೇರೆ: ಜೆರ್ಸಿ ಮೇಲಿನ ಹೆಸರುಗಳು, ತವರಿನ ಪಂದ್ಯಗಳ ಟಿಕೆಟ್, ಟೋಪಿ-ಅಂಗಿ ಮಾರಾಟ.

ಕ್ರೀಡಾಂಗಣ ತುಂಬಿ ತುಳುಕುತ್ತದಲ್ವಾ? ಟಿಕೆಟ್ ದುಡ್ಡೇ ಸಾಕಾಗೋದಿಲ್ವಾ?

ಇಲ್ಲ. ಸುಮ್ನೆ ಒಂದು ಲೆಕ್ಕ ಹಾಕಿ. ಒಂದು ತಂಡಕ್ಕೆ ಲೀಗ್ ಹಂತದಲ್ಲಿ ತವರಿನ ಪಂದ್ಯ ಏಳು. ಚಿನ್ನಸ್ವಾಮಿಯಂಥ ಮೈದಾನದಲ್ಲಿ ಎಷ್ಟೇ ಒತ್ತಿ ಕೂರಿಸಿದರೂ 40 ಸಾವಿರದ ಒಳಗೆ. ಟಿಕೆಟ್ ಬೆಲೆ ಎಷ್ಟು ಏರಿಸಿದರೂ ಅದಕ್ಕೊಂದು ಮಿತಿ ಇದೆ. ಟಿವಿ ಮುಂದೆ ಕೂತವರ ಸಂಖ್ಯೆಗೆ ಆ ಮಿತಿ ಇಲ್ಲ.

ನಮ್ಮ ಕಡೆಯವರಿಗೆ ಇದು ಹೊಸ ಸಂಗತಿ ಅಲ್ಲ. ಯಕ್ಷಗಾನದಲ್ಲಿ ಡೇರೆ ಮೇಳ, ಬಯಲಾಟದ ಮೇಳ ಎರಡೂ ಇದ್ದವು. ಡೇರೆ ಮೇಳಕ್ಕೆ ರಾತ್ರಿ ರಾತ್ರಿಯ ಟಿಕೆಟ್ಟೇ ಗತಿ. ಮಳೆ ಬಂದರೆ ಹೋಯಿತು, ಪಕ್ಕದ ಊರಲ್ಲಿ ಜಾತ್ರೆ ಇದ್ದರೂ ಹೋಯಿತು. ಅವು ಹೆಚ್ಚಿನವು ಒಂದೊಂದಾಗಿ ಗಂಟು ಕಟ್ಟಿದವು. ಹರಕೆ ಹೊತ್ತವರ ದುಡ್ಡಿನಲ್ಲಿ ಬಯಲಾಟ ಆಡುವ ಮೇಳಗಳ ಕಥೆ ಬೇರೆ. ಕಟೀಲು ಮೇಳದ ಆಟ ಆಡಿಸಬೇಕಿದ್ದರೆ ವರ್ಷಗಟ್ಟಲೆ ಮೊದಲೇ ಹೆಸರು ಬರೆಸಬೇಕು. ಇವತ್ತಿನ ಆಟಕ್ಕೆ ಐವತ್ತು ಜನ ಬಂದರೂ ಐನೂರು ಜನ ಬಂದರೂ ಭಾಗವತರ ಸಂಬಳ ನಿಲ್ಲೋದಿಲ್ಲ. ಐಪಿಎಲ್ ನಡೆಯೋದು ಈ ಎರಡನೆಯ ರೀತಿಯಲ್ಲಿ. ಮೊದಲ ಚೆಂಡು ಬೀಳುವ ಮೊದಲೇ ಐದು ವರ್ಷದ ದುಡ್ಡಿಗೆ ಸಹಿ ಆಗಿರುತ್ತದೆ.

2020ರಲ್ಲಿ ಇದು ಕಣ್ಣಿಗೆ ಕಾಣುವ ಹಾಗೆ ಗೊತ್ತಾಯಿತು. ಕೊರೊನಾ ಕಾಲದಲ್ಲಿ ಇಡೀ ಲೀಗ್ ಯುಎಇಗೆ ಹೋಯಿತು. ಕುರ್ಚಿಗಳೆಲ್ಲ ಖಾಲಿ, ಟಿಕೆಟ್ ಆದಾಯ ಸೊನ್ನೆ. ಆದರೂ ಲೀಗ್ ನಡೆಯಿತು. ಟಿಕೆಟ್ ನಂಬಿದ ಲೀಗ್ ಆಗಿದ್ದರೆ ಆ ವರ್ಷವೇ ಬಾಗಿಲು ಹಾಕಬೇಕಿತ್ತು.

ಪ್ರಸಾರದ ದುಡ್ಡಲ್ಲಿ ತಂಡಕ್ಕೆ ಎಷ್ಟು ಸಿಗುತ್ತದೆ?

ಸುಮಾರು ಅರ್ಧ ಬಿಸಿಸಿಐಗೆ, ಉಳಿದದ್ದು ಹತ್ತು ತಂಡಗಳಿಗೆ. ತಂಡಗಳ ಪಾಲಿನಲ್ಲಿ ಬಹುಭಾಗ ಸಮನಾಗಿ ಹಂಚಿಕೆ. ಮುಂಬೈಗೆ ಜಾಸ್ತಿ, ಲಕ್ನೋಗೆ ಕಮ್ಮಿ ಅಂತ ಇಲ್ಲ. ಹೀಗೆ ಒಂದೊಂದು ತಂಡಕ್ಕೆ ವರ್ಷಕ್ಕೆ 400 ಕೋಟಿಗಿಂತ ಮೇಲೆ ಬರುತ್ತದೆ. ಈ ಸಮಪಾಲು ಸಣ್ಣ ವಿಷಯ ಅಲ್ಲ. ಗೆದ್ದವನಿಗೇ ಎಲ್ಲಾ ಹೋಗಿದ್ದರೆ ನಾಲ್ಕು ವರ್ಷದಲ್ಲಿ ಎರಡೇ ತಂಡ ಉಳಿಯುತ್ತಿದ್ದವು, ನೋಡುವವರೂ ಉಳಿಯುತ್ತಿರಲಿಲ್ಲ.

ತಂಡಗಳು ಬಿಸಿಸಿಐಗೆ ವಾಪಸ್ ಕೊಡೋದೂ ಇದೆ. 2008ರ ತಂಡಗಳಲ್ಲಿ ಉಳಿದುಕೊಂಡವು ಹರಾಜಿನ ಬೆಲೆಯನ್ನು ಹತ್ತು ವರ್ಷದ ಕಂತಿನಲ್ಲಿ ಕಟ್ಟಿ ಮುಗಿಸಿದವು. ಆ ಮೇಲೆ ತಮ್ಮ ಆದಾಯದ ಶೇ 20 ಭಾಗ ಕೊಡಬೇಕು ಅಂತ ನಿಯಮ. ಹೊಸ ತಂಡಗಳಾದ ಲಕ್ನೋ (7,090 ಕೋಟಿ) ಮತ್ತು ಗುಜರಾತ್ (5,625 ಕೋಟಿ) ಇನ್ನೂ ಕಂತು ಕಟ್ಟುವ ಹಂತದಲ್ಲಿವೆ. ಅದಕ್ಕೇ ಒಂದೇ ಆದಾಯ ಬಂದರೂ ಹಳೆ ತಂಡ ನೆಮ್ಮದಿಯಿಂದ ಇರುತ್ತದೆ, ಹೊಸ ತಂಡ ಬೆವರುತ್ತದೆ.

ರಿಷಭ್ ಪಂತ್‌ಗೆ 27 ಕೋಟಿ ಕೊಟ್ಟು ತಂಡ ಹೇಗೆ ಉಳಿಯುತ್ತದೆ?

ಅದನ್ನು ಬಿಡಿ ಬಿಡಿಯಾಗಿ ನೋಡಬಾರದು. 2025ರ ಸೀಸನ್‌ಗೆ ಇಡೀ ತಂಡ ಕಟ್ಟಲು 120 ಕೋಟಿಯ ಮಿತಿ ಇತ್ತು. ಒಬ್ಬನಿಗೆ 27 ಕೊಟ್ಟರೆ ಉಳಿದವರಿಗೆ 93ರಲ್ಲಿ ಮುಗಿಸಬೇಕು. ಮಾಲೀಕ ಎಷ್ಟೇ ಶ್ರೀಮಂತನಾದರೂ ಅಷ್ಟೇ. ಹರಾಜಿನ ಗದ್ದಲದಲ್ಲಿ ನಮಗೆ ಕಾಣೋದು ಏರುವ ಬೆಲೆ. ಮಾಲೀಕನನ್ನು ಕಾಪಾಡೋದು ಈ ಮಿತಿ. ಯುರೋಪಿನ ಫುಟ್‌ಬಾಲ್ ಕ್ಲಬ್ಬುಗಳು ಆಟಗಾರರ ಸಂಬಳಕ್ಕೆ ಸುರಿದು ಸಾಲದಲ್ಲಿ ಮುಳುಗಿದ್ದನ್ನು ಕೇಳಿದವರಿಗೆ ಇದರ ಬೆಲೆ ಗೊತ್ತು.

2025ರಿಂದ ಆಡಿದ ಪ್ರತಿ ಪಂದ್ಯಕ್ಕೆ 7.5 ಲಕ್ಷ ಶುಲ್ಕವೂ ಸೇರಿದೆ. ಅದನ್ನೂ, ಪ್ರಯಾಣ, ಹೋಟೆಲ್, ಕೋಚ್, ಮೈದಾನದ ಖರ್ಚನ್ನೂ ಸೇರಿಸಿ. ಆಮೇಲೂ 400 ಕೋಟಿಗಿಂತ ಮೇಲಿನ ಖಾತ್ರಿ ಆದಾಯ ಇರುವ ಹಳೆ ತಂಡಕ್ಕೆ ಒಳ್ಳೆಯ ಮೊತ್ತ ಉಳಿಯುತ್ತದೆ.

ಕಪ್ ಗೆಲ್ಲದಿದ್ದರೆ ನಷ್ಟವಾ?

ಅಲ್ಲ. ಚಾಂಪಿಯನ್ ತಂಡದ ಬಹುಮಾನ 20 ಕೋಟಿ. ಮೇಲಿನ ಲೆಕ್ಕದ ಎದುರು ಅದು ಚಿಲ್ಲರೆ. ಆರ್‌ಸಿಬಿ 2025ರವರೆಗೆ ಒಂದೂ ಕಪ್ ಎತ್ತಿರಲಿಲ್ಲ. ಆದರೂ ಪ್ರಾಯೋಜಕರು ಸಾಲುಗಟ್ಟಿ ನಿಂತಿದ್ದರು. ಈ ಸಲ ಕಪ್ ನಮ್ದೇ ಅಂತ ಪ್ರತಿ ವರ್ಷ ಕೂಗುವ ಜನ ಇದ್ದರೆ ಸಾಕಿತ್ತು. ಉಪ್ಪಳದಿಂದ ಮುಳ್ಳೇರಿಯಾದವರೆಗೆ ಹಾಗೆ ಕೂಗಿದವರು ಎಷ್ಟು ಮಂದಿ ಅಂತ ನಿಮಗೇ ಗೊತ್ತು.

48,390 ಕೋಟಿ ಕೊಟ್ಟವರಿಗೆ ಅದು ಗಿಟ್ಟುತ್ತದಾ?

ನನ್ನ ಪ್ರಕಾರ ಇಡೀ ವ್ಯವಸ್ಥೆಯ ಎಳೆ ಸಡಿಲ ಇರೋದು ಇಲ್ಲೇ.

2022ರ ಹರಾಜಿನಲ್ಲಿ ಟಿವಿ ಹಕ್ಕು ಸ್ಟಾರ್‌ಗೆ 23,575 ಕೋಟಿಗೆ ಹೋಯಿತು. ಮೊಬೈಲ್-ಇಂಟರ್ನೆಟ್ ಹಕ್ಕಿನ ದೊಡ್ಡ ಭಾಗ ರಿಲಯನ್ಸ್ ಕಡೆಯ ವಯಾಕಾಮ್18ಗೆ 20,500 ಕೋಟಿಗೆ. ಇಬ್ಬರೂ ಜಿದ್ದಿಗೆ ಬಿದ್ದಿದ್ದರು, ಅದಕ್ಕೇ ಬೆಲೆ ಅಷ್ಟು ಏರಿತು. 2023ರಲ್ಲಿ ಜಿಯೋಸಿನಿಮಾ ಇಡೀ ಐಪಿಎಲ್ ಅನ್ನು ಪುಕ್ಕಟೆ ತೋರಿಸಿತು. ನಾವೆಲ್ಲ ಖುಷಿಯಾಗಿ ನೋಡಿದೆವು. ಪುಕ್ಕಟೆ ತೋರಿಸಿದರೆ ವಸೂಲಿಗೆ ಜಾಹೀರಾತು ಒಂದೇ ದಾರಿ. ಆ ದಾರಿಯಲ್ಲಿ ಅಷ್ಟು ದೊಡ್ಡ ಮೊತ್ತ ತಿರುಗಿ ಬರೋದು ಕಷ್ಟ.

2024ರ ನವೆಂಬರ್‌ನಲ್ಲಿ ಆ ಎರಡೂ ಕಂಪನಿಗಳು ಸೇರಿ ಜಿಯೋಸ್ಟಾರ್ ಆದವು. ಈಗ ಟಿವಿಯೂ ಅವರದ್ದೇ, ಮೊಬೈಲೂ ಅವರದ್ದೇ. ಮುಂದಿನ ಹರಾಜು 2028ರ ಸೀಸನ್‌ನಿಂದ ಶುರುವಾಗುವ ಹಕ್ಕಿಗೆ. ಹಿಂದೆ ಬೆಲೆ ಏರಿಸಿದ ಇಬ್ಬರು ಈಗ ಒಬ್ಬರೇ ಆಗಿದ್ದಾರೆ. ಹೊರಗಿನ ದೊಡ್ಡ ಕಂಪನಿ ಯಾವುದಾದರೂ ಬಂದು ಕೂಗದಿದ್ದರೆ ಬೆಲೆ ಮತ್ತೆ ಮೂರು ಪಟ್ಟಾಗುತ್ತದೆ ಅಂತ ನಂಬಲು ನನಗೆ ಕಾರಣ ಕಾಣೋದಿಲ್ಲ. ಇದ್ದಲ್ಲೇ ನಿಂತರೂ ದೊಡ್ಡದು. ಹಾಗಂತ ಲೀಗ್ ಮುಳುಗೋದಿಲ್ಲ. ಆಟಗಾರರಿಗೆ ಕೊಡುವ ದುಡ್ಡಿನ ಮಿತಿಯನ್ನು ಇಳಿಸಬಹುದು, ಪಂದ್ಯ ಜಾಸ್ತಿ ಮಾಡಬಹುದು. ಪೆಟ್ಟು ಬೀಳೋದು ಏರುವ ಬೆಲೆಯನ್ನೇ ನಂಬಿ ದುಬಾರಿಗೆ ತಂಡ ಕೊಂಡವರಿಗೆ.

ಕನ್ನಡದಲ್ಲೂ ಮಲಯಾಳದಲ್ಲೂ ಕಾಮೆಂಟರಿ ಬರುತ್ತದಲ್ಲ, ಅದು ಭಾಷೆಯ ಮೇಲಿನ ಪ್ರೀತಿಯಾ?

ಕಾಮೆಂಟರಿ ಹೇಳುವವರಿಗೆ ಇರಬಹುದು. ಕಂಪನಿಗೆ ಅದು ಇನ್ನೊಂದು ಅಂಗಡಿ. ಮಂಗಳೂರಿನ ಚಿನ್ನದಂಗಡಿಯವನಿಗೆ ಲುಧಿಯಾನದ ವೀಕ್ಷಕ ಬೇಡ. ಕನ್ನಡದಲ್ಲಿ ನೋಡುವವರಿಗೆ ಮಾತ್ರ ಜಾಹೀರಾತು ತೋರಿಸಿ, ಕಮ್ಮಿ ದುಡ್ಡು ತಗೊಳ್ಳಿ ಅಂದರೆ ಅವನೂ ಗಿರಾಕಿ ಆಗುತ್ತಾನೆ. 2023ರಲ್ಲಿ ಜಿಯೋಸಿನಿಮಾ 12 ಭಾಷೆಗಳಲ್ಲಿ ತೋರಿಸಿದ್ದರ ಹಿಂದೆ ಈ ಲೆಕ್ಕ ಇದೆ. ಕಾಸರಗೋಡಿನ ಮನೆಗಳಲ್ಲಿ ಅಪ್ಪ ಕನ್ನಡದಲ್ಲಿ, ಮಗ ಮಲಯಾಳದಲ್ಲಿ ಅದೇ ಪಂದ್ಯ ನೋಡೋದು ಉಂಟು. ಅವರ ಲೆಕ್ಕದಲ್ಲಿ ನಾವು ಎರಡು ಮಾರುಕಟ್ಟೆ.

ಕೊಚ್ಚಿ ಟಸ್ಕರ್ಸ್ ಯಾಕೆ ಒಂದೇ ವರ್ಷದಲ್ಲಿ ಮುಗಿಯಿತು?

ಕೇರಳದಲ್ಲಿ ಇರುವ ನಮಗೆ ಇದು ಹತ್ತಿರದ ಪಾಠ, ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

2010ರ ಮಾರ್ಚ್‌ನಲ್ಲಿ ಎರಡು ಹೊಸ ತಂಡ ಹರಾಜಾದವು. ಪುಣೆಯನ್ನು ಸಹಾರಾ 37 ಕೋಟಿ ಡಾಲರ್‌ಗೆ ಕೊಂಡಿತು. ಕೊಚ್ಚಿಯನ್ನು ಹಲವರು ಸೇರಿದ ಒಂದು ಕೂಟ 33.3 ಕೋಟಿ ಡಾಲರ್‌ಗೆ ಕೊಂಡಿತು. ಎರಡು ವರ್ಷ ಹಿಂದೆ ಅತಿ ದುಬಾರಿ ತಂಡವಾಗಿದ್ದ ಮುಂಬೈಗೆ ಬಿದ್ದ ಬೆಲೆ 11.19 ಕೋಟಿ ಡಾಲರ್. ಮೂರು ಪಟ್ಟು ಬೆಲೆ ಕೊಟ್ಟವರಿಗೆ ಮೂರು ಪಟ್ಟು ಆದಾಯ ಎಲ್ಲಿಂದ ಬರಬೇಕು? ಪ್ರಸಾರದ ಒಪ್ಪಂದ ಹಳೆಯದೇ ಇತ್ತು.

2011ರಲ್ಲಿ ಮಹೇಲ ಜಯವರ್ಧನೆ ನಾಯಕತ್ವದಲ್ಲಿ ಆಡಿದರು. ಆಟ ತೀರಾ ಕೆಟ್ಟದೇನೂ ಇರಲಿಲ್ಲ, 14ರಲ್ಲಿ 6 ಗೆದ್ದರು. ತೊಂದರೆ ಆದದ್ದು ಬ್ಯಾಂಕ್ ಗ್ಯಾರಂಟಿಯಲ್ಲಿ. ಮಾಲೀಕರು ಕಟ್ಟದಿದ್ದರೆ ಬ್ಯಾಂಕ್ ಕಟ್ಟುತ್ತದೆ ಅನ್ನೋ ಖಾತ್ರಿ ಅದು. ಪ್ರತಿ ವರ್ಷ ದೊಡ್ಡ ಮೊತ್ತದ ಗ್ಯಾರಂಟಿ ಕೊಡಬೇಕು ಅನ್ನೋದು ಕರಾರು. ಮಾಲೀಕರು ಹಲವರು, ಅವರ ನಡುವೆ ಶುರುವಿನಿಂದಲೇ ಜಗಳ. ಹೊಸ ಗ್ಯಾರಂಟಿ ಬರಲಿಲ್ಲ. ಪಂದ್ಯಗಳ ಸಂಖ್ಯೆ ಕಮ್ಮಿ ಮಾಡಿದ್ದೀರಿ, ಮೈದಾನದ ತೊಂದರೆ ಇದೆ ಅಂತ ಅವರ ವಾದ. 2011ರ ಸೆಪ್ಟೆಂಬರ್‌ನಲ್ಲಿ ಬಿಸಿಸಿಐ ತಂಡವನ್ನೇ ರದ್ದು ಮಾಡಿತು.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಮಧ್ಯಸ್ಥಿಕೆಯಲ್ಲಿ 2015ರಲ್ಲಿ ಬಿಸಿಸಿಐ ವಿರುದ್ಧ ತೀರ್ಪು ಬಂತು. 2025ರ ಜೂನ್‌ನಲ್ಲಿ ಬಾಂಬೆ ಹೈಕೋರ್ಟ್ ಅದನ್ನೇ ಎತ್ತಿ ಹಿಡಿಯಿತು. ಮೊತ್ತ ಸುಮಾರು 538 ಕೋಟಿ. ಅವಸರದಲ್ಲಿ ತಂಡ ಕಿತ್ತು ಹಾಕುವುದೂ ಪುಕ್ಕಟೆ ಅಲ್ಲ.

2012ರಲ್ಲಿ ಡೆಕ್ಕನ್ ಚಾರ್ಜರ್ಸ್ ಹೋಯಿತು, 2013ರಲ್ಲಿ ಪುಣೆ ವಾರಿಯರ್ಸ್ ಹೊರಬಿತ್ತು. ಡೆಕ್ಕನ್ ಜಾಗಕ್ಕೆ ಸನ್ ಟಿವಿ ಬಂದದ್ದು ವರ್ಷಕ್ಕೆ 85.05 ಕೋಟಿಗೆ. ಹೋದ ಮೂರೂ ತಂಡಗಳಲ್ಲಿ ತಪ್ಪಿದ್ದು ಆಟ ಅಲ್ಲ, ಮಾಲೀಕರ ಹಣದ ಬಲ.

ತಂಡ ಕೊಂಡವರಿಗೆ ನಿಜವಾದ ಲಾಭ ಎಲ್ಲಿ?

ವರ್ಷದ ಲಾಭಕ್ಕಿಂತ ಜಾಸ್ತಿ, ತಂಡದ ಬೆಲೆ ಏರುವುದರಲ್ಲಿ. 2008ರಲ್ಲಿ ರಾಜಸ್ಥಾನ 6.7 ಕೋಟಿ ಡಾಲರ್‌ಗೆ ಹೋಗಿತ್ತು, ಎಲ್ಲಕ್ಕಿಂತ ಅಗ್ಗ. ಬೆಂಗಳೂರು 11.16 ಕೋಟಿ ಡಾಲರ್. ಹತ್ತೇ ತಂಡ, ಹನ್ನೊಂದನೆಯದು ಸಿಗೋದಿಲ್ಲ ಅನ್ನುವಾಗ ಬೆಲೆ ಏರದೆ ಏನಾಗುತ್ತದೆ? ಗುಜರಾತ್ ತಂಡದ ಶೇ 67 ಪಾಲನ್ನು 2025ರಲ್ಲಿ ಟೊರೆಂಟ್ ಸಮೂಹ ಕೊಂಡಿತು. ಅದೇ ವರ್ಷ ನವೆಂಬರ್‌ನಲ್ಲಿ ಆಗ ಆರ್‌ಸಿಬಿ ಹಿಂದಿದ್ದ ಮದ್ಯದ ಕಂಪನಿ ಡಿಯಾಜಿಯೊ ಕೂಡ ತಂಡ ಇಟ್ಟುಕೊಳ್ಳಬೇಕಾ ಬೇಡವಾ ಅಂತ ಪರಿಶೀಲನೆ ಶುರು ಮಾಡಿತು. ಕಪ್ ಗೆದ್ದ ವರ್ಷವೇ! ಅಭಿಮಾನಿಗೆ ಬೇಜಾರಾಗಬಹುದು. ವ್ಯಾಪಾರದಲ್ಲಿ ಬೆಲೆ ಮೇಲಿದ್ದಾಗ ಮಾರುವವನನ್ನು ಬುದ್ಧಿವಂತ ಅಂತಾರೆ.

ಆನ್‌ಲೈನ್ ಆಟದ ಆ್ಯಪ್‌ಗಳು ಹೋದದ್ದರಿಂದ ಪೆಟ್ಟು ಬಿತ್ತಾ?

ಬಿತ್ತು. 2020ರಲ್ಲಿ ವಿವೊ ಹಿಂದೆ ಸರಿದಾಗ 222 ಕೋಟಿ ಕೊಟ್ಟು ಹೆಸರು ಹಾಕಿಸಿದ್ದು ಡ್ರೀಮ್11. 2025ರ ಆಗಸ್ಟ್‌ನಲ್ಲಿ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು ಕಾನೂನಿನಿಂದ ನಿಷೇಧಿಸಿತು. ಭಾರತ ತಂಡದ ಅಂಗಿಯಿಂದ ಡ್ರೀಮ್11 ಹೆಸರು ಹೋಯಿತು, ಅಪೊಲೊ ಟೈರ್ಸ್ 579 ಕೋಟಿಗೆ ಬಂತು. ಭಾರತ ತಂಡಕ್ಕೆ ಬದಲಿ ಸಿಕ್ಕಿತು, ಜಾಸ್ತಿ ಬೆಲೆಗೇ ಸಿಕ್ಕಿತು. ಸಣ್ಣ ಲೀಗುಗಳಿಗೆ ಹಾಗೆ ಸಿಗೋದಿಲ್ಲ. ಆ ಆ್ಯಪ್‌ಗಳ ದುಡ್ಡಿನ ಮೇಲೆ ನಿಂತಿದ್ದ ಲೀಗ್ ಜಗತ್ತಿನಲ್ಲಿ ಬೇಕಾದಷ್ಟು ಇದ್ದವು.

ಬಡ ಮನೆಗಳ ಹುಡುಗರು ಸಂಬಳ ಕಳೆದುಕೊಳ್ಳೋದು ನಿಂತರೆ ಲೀಗಿಗೆ ಸ್ವಲ್ಪ ಕಮ್ಮಿ ಆದರೂ ಪರವಾಗಿಲ್ಲ ಅಂತ ನನ್ನ ಅಭಿಪ್ರಾಯ.

ಟಿಕೆಟ್ ಮೇಲಿನ ತೆರಿಗೆ?

2025ರ ಸೆಪ್ಟೆಂಬರ್ 22ರಿಂದ ಐಪಿಎಲ್ ಟಿಕೆಟ್ ಮೇಲೆ ಜಿಎಸ್‌ಟಿ ಶೇ 28ರಿಂದ ಶೇ 40ಕ್ಕೆ ಏರಿದೆ. ಸಾವಿರ ರೂಪಾಯಿಯ ಟಿಕೆಟ್ 1,280 ಆಗುತ್ತಿತ್ತು, ಈಗ 1,400. ನಮಗೆ ಹೊರೆ, ಲೀಗಿಗೆ ಅಲ್ಲ.

ಮಹಿಳೆಯರ ಲೀಗ್ ಲಾಭದಲ್ಲಿ ನಡೆಯುತ್ತದಾ?

2023ರಲ್ಲಿ ಐದು ತಂಡಗಳು ಒಟ್ಟು 4,669.99 ಕೋಟಿಗೆ ಹೋದವು. ಐದು ವರ್ಷದ ಪ್ರಸಾರ ಹಕ್ಕು 951 ಕೋಟಿ. ತಂಡದ ಕಂತಿಗೂ ಪ್ರಸಾರದ ದುಡ್ಡಿಗೂ ಇನ್ನೂ ತಾಳ ಕೂಡಿಲ್ಲ. ಮಾಲೀಕರು ಮುಂದಿನ ಹರಾಜಿನ ಮೇಲೆ ಕಣ್ಣಿಟ್ಟಿದ್ದಾರೆ. ಆಟದ ಮಟ್ಟ ನೋಡಿದರೆ ಅವರ ಲೆಕ್ಕ ತಪ್ಪಾಗಲಿಕ್ಕಿಲ್ಲ.

ಕೇರಳದ ಕೆಸಿಎಲ್ (ಕೇರಳ ಕ್ರಿಕೆಟ್ ಲೀಗ್), ಕರ್ನಾಟಕದ ಮಹಾರಾಜ ಟ್ರೋಫಿ ಹೇಗೆ ನಡೆಯುತ್ತವೆ?

ಇವನ್ನು ಐಪಿಎಲ್ ಜೊತೆ ಹೋಲಿಸಲೇಬಾರದು. ಸಂಜು ಸ್ಯಾಮ್ಸನ್ ಒಬ್ಬರನ್ನೇ ನೋಡಿ. 2025ರ ಐಪಿಎಲ್‌ಗೆ ರಾಜಸ್ಥಾನ ಅವರನ್ನು ಉಳಿಸಿಕೊಂಡದ್ದು 18 ಕೋಟಿಗೆ. ಅದೇ ವರ್ಷ ಕೆಸಿಎಲ್ ಹರಾಜಿನಲ್ಲಿ ಕೊಚ್ಚಿ ಬ್ಲೂ ಟೈಗರ್ಸ್ ಕೊಂಡದ್ದು 26.80 ಲಕ್ಷಕ್ಕೆ. ಅದೂ ಆ ಲೀಗಿನ ದಾಖಲೆ. ತಂಡದ ಇಡೀ ಮಿತಿ 50 ಲಕ್ಷ, ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಬ್ಬರಿಗೇ ಹೋಯಿತು. ಆ ಸಲ ಕಪ್ಪೂ ಅವರಿಗೇ ಬಂತು ಅನ್ನಿ.

ಖರ್ಚು ಹಿಡಿತದಲ್ಲಿ ಇಡಲು ಒಂದು ಉಪಾಯ ಇದೆ. 2024ರಲ್ಲಿ ಶುರುವಾದ ಕೆಸಿಎಲ್‌ನಲ್ಲಿ ಆರು ತಂಡ, ಎಲ್ಲ ಪಂದ್ಯವೂ ತಿರುವನಂತಪುರದ ಕಾರ್ಯವಟ್ಟಂ ಗ್ರೀನ್‌ಫೀಲ್ಡ್‌ನಲ್ಲಿ. ಕ್ಯಾಮೆರಾ, ಕೇಬಲ್, ಹೋಟೆಲ್ ಎಲ್ಲ ಒಂದೇ ಕಡೆ. ಪ್ರಯಾಣದ ಖರ್ಚೇ ಇಲ್ಲ. ಮಹಾರಾಜ ಟ್ರೋಫಿಯೂ ಹಾಗೆಯೇ ಒಂದು ಊರಲ್ಲಿ ಮುಗಿಯುತ್ತದೆ, 2025ರಲ್ಲಿ ಅದು ಮೈಸೂರಿನಲ್ಲಿ ನಡೆದು ಮಂಗಳೂರು ಡ್ರಾಗನ್ಸ್ ಗೆದ್ದಿತು. ನಮಗೆ ಮಾತ್ರ ಫಜೀತಿ. ಕೆಸಿಎಲ್ ನೋಡಬೇಕಿದ್ದರೆ ವಂದೇ ಭಾರತ್‌ನಲ್ಲೂ ಎಂಟು ಗಂಟೆ ಕೂತು ರಾಜ್ಯದ ಆ ತುದಿಗೆ ಹೋಗಬೇಕು. ಬೆಂಗಳೂರೇ ಹತ್ತಿರ.

ಇಂಥ ಲೀಗಿಗೆ ಬೆನ್ನೆಲುಬು ರಾಜ್ಯದ ಕ್ರಿಕೆಟ್ ಸಂಸ್ಥೆ. ಸಂಸ್ಥೆಗೆ ಬಿಸಿಸಿಐಯಿಂದ ಪಾಲು ಬರುತ್ತದೆ, ಆ ಪಾಲು ದೊಡ್ಡದಾಗಲು ಕಾರಣ ಐಪಿಎಲ್. ತಂಡ ಕೊಳ್ಳುವ ಊರಿನ ಉದ್ಯಮಿಗೆ ಸಿಗೋದು ಮುಖ್ಯವಾಗಿ ಹೆಸರು. ಹೆಸರಿಗಾಗಿ ಬಂದವನು ಎರಡು ವರ್ಷ ನಷ್ಟ ಸಹಿಸುತ್ತಾನೆ, ಐದು ವರ್ಷ ಸಹಿಸೋದಿಲ್ಲ. ಅದಕ್ಕೇ ಇಲ್ಲಿ ಮಾಲೀಕರು ಬದಲಾಗುತ್ತಲೇ ಇರುತ್ತಾರೆ.

ಇನ್ನೊಂದು ಅಪಾಯವೂ ಉಂಟು. ಆದಾಯ ಕಮ್ಮಿ, ನೋಡುವ ಕಣ್ಣು ಕಮ್ಮಿ ಇರುವಲ್ಲಿ ಬೆಟ್ಟಿಂಗ್‌ನವರು ನುಗ್ಗುತ್ತಾರೆ. 2009ರಲ್ಲಿ ಶುರುವಾದ ಕರ್ನಾಟಕ ಪ್ರೀಮಿಯರ್ ಲೀಗ್ 2019ರ ಫಿಕ್ಸಿಂಗ್ ಹಗರಣದ ಮೇಲೆ ನಿಂತೇ ಹೋಯಿತು. ಆಟಗಾರರ ಜೊತೆ ಒಬ್ಬ ತಂಡದ ಮಾಲೀಕನೂ ಬಂಧನಕ್ಕೆ ಒಳಗಾದ. 2022ರಲ್ಲಿ ಮಹಾರಾಜ ಟ್ರೋಫಿ ಅಂತ ಹೊಸ ಹೆಸರಲ್ಲಿ ಮತ್ತೆ ಕಟ್ಟಬೇಕಾಯಿತು.

ಬೇರೆ ದೇಶದ ಲೀಗುಗಳು?

ಒಂದೊಂದು ಒಂದೊಂದು ರೀತಿ. ದಕ್ಷಿಣ ಆಫ್ರಿಕಾದ ಎಸ್ಎ20 2023ರಲ್ಲಿ ಶುರುವಾಯಿತು. ಆರೂ ತಂಡ ಐಪಿಎಲ್ ಮಾಲೀಕರದ್ದೇ, ಹಾಗಾಗಿ ಸಂಬಳದ ಚಿಂತೆ ಇಲ್ಲ. ಇಂಗ್ಲೆಂಡಿನ ಮಂಡಳಿ ನೂರು ಎಸೆತದ ತನ್ನ ಲೀಗ್ ‘ಹಂಡ್ರೆಡ್’ನ ತಂಡಗಳ ಪಾಲನ್ನು 2025ರಲ್ಲಿ ಮಾರಿ ಅಲ್ಲಿನ ಪ್ರಾದೇಶಿಕ ಕ್ಲಬ್ಬುಗಳಾದ ಕೌಂಟಿಗಳಿಗೆ ಉಸಿರು ಕೊಟ್ಟಿತು. ಬಾಂಗ್ಲಾದೇಶದಲ್ಲಿ ಉಲ್ಟಾ. 2025ರ ಲೀಗಿನಲ್ಲಿ ದರ್ಬಾರ್ ರಾಜಶಾಹಿ ತಂಡ ಆಟಗಾರರಿಗೆ ದುಡ್ಡು ಕೊಡಲಿಲ್ಲ. ಬಾಡಿಗೆ ಸಿಗದ ಬಸ್ ಚಾಲಕ ಆಟಗಾರರ ಕಿಟ್ ಬ್ಯಾಗುಗಳನ್ನೇ ಬಸ್ಸಲ್ಲಿ ಬೀಗ ಹಾಕಿ ಇಟ್ಟ. ಗ್ಯಾರಂಟಿ ಕಟ್ಟಿಸಿಕೊಳ್ಳದೆ ತಂಡ ಕೊಟ್ಟರೆ ಹೀಗೇ ಆಗೋದು.

ಇದರಿಂದ ನಮ್ಮ ಕಡೆಯ ಹುಡುಗರಿಗೆ ಏನು ಸಿಗುತ್ತದೆ?

ತಳಂಗರೆಯ ಮೊಹಮ್ಮದ್ ಅಜರುದ್ದೀನ್ ಉದಾಹರಣೆ ಸಾಕು. 2021ರ ಜನವರಿಯಲ್ಲಿ ವಾಂಖೆಡೆಯಲ್ಲಿ ಮುಂಬೈ ವಿರುದ್ಧ 54 ಎಸೆತದಲ್ಲಿ ಔಟಾಗದೆ 137 ಹೊಡೆದರು. ಮುಂದಿನ ಹರಾಜಿನಲ್ಲಿ ಆರ್‌ಸಿಬಿ 20 ಲಕ್ಷಕ್ಕೆ ತಗೊಂಡಿತು. ಆಡುವ ಅವಕಾಶ ಒಂದೂ ಸಿಗಲಿಲ್ಲ. ಐಪಿಎಲ್ ಎಲ್ಲರಿಗೂ ಹೊಟ್ಟೆ ತುಂಬಿಸೋದಿಲ್ಲ ಅನ್ನೋದು ಇದರಲ್ಲೇ ಇದೆ. ಅವರು ರಣಜಿಯಲ್ಲಿ ಮುಂದುವರಿದರು. 2025ರ ಫೆಬ್ರವರಿಯ ಸೆಮಿಫೈನಲ್‌ನಲ್ಲಿ ಗುಜರಾತ್ ವಿರುದ್ಧ ಔಟಾಗದೆ 177, ಕೇರಳ ಮೊದಲ ಸಲ ಫೈನಲ್‌ಗೆ ಹೋಯಿತು. ಕೆಸಿಎಲ್‌ನಲ್ಲಿ ಅವರು ಆಲೆಪ್ಪಿ ರಿಪಲ್ಸ್ ನಾಯಕ.

ರಣಜಿ ಆಟಗಾರನಿಗೆ ದಿನಕ್ಕೆ ಅನುಭವ ನೋಡಿ 40 ಸಾವಿರದಿಂದ 60 ಸಾವಿರ ಸಿಗುತ್ತದೆ. ಅದು ಬರೋದೂ ಬಿಸಿಸಿಐ ಖಜಾನೆಯಿಂದ. ಐಪಿಎಲ್ ಆಡದ ಹುಡುಗನಿಗೂ ಐಪಿಎಲ್‌ನ ದುಡ್ಡು ಹೀಗೆ ಬಳಸು ದಾರಿಯಲ್ಲಿ ತಲುಪುತ್ತದೆ.

ನಮ್ಮ ಕ್ಲಬ್ಬಿನಿಂದಲೂ ಹರಾಜು ಮಾಡಿ ಪ್ರೀಮಿಯರ್ ಲೀಗ್ ಮಾಡ್ತೇವೆ. ಏನು ನೋಡ್ಕೊಳ್ಬೇಕು?

ಹೊನಲು ಬೆಳಕಿನ ಪಂದ್ಯಾಟ ಮಾಡಿ ಕೈ ಸುಟ್ಟುಕೊಂಡ ಸಂಘಗಳು ನಮ್ಮಲ್ಲಿ ಕಮ್ಮಿ ಇಲ್ಲ. ಹೆಚ್ಚಿನವರು ಬಹುಮಾನದ ಮೊತ್ತವನ್ನು ಮೊದಲು ಘೋಷಿಸುತ್ತಾರೆ, ದುಡ್ಡು ಆಮೇಲೆ ಹುಡುಕುತ್ತಾರೆ. ಅದು ಉಲ್ಟಾ ಆಗಬೇಕು. ತಂಡದ ಮಾಲೀಕರಿಂದ ಪ್ರವೇಶ ಶುಲ್ಕ ಪೂರ್ತಿ ಬಂದ ಮೇಲೆ ಹರಾಜು. ಹರಾಜು ದುಡ್ಡಿನಲ್ಲಿ ಬೇಡ, ಪಾಯಿಂಟ್‌ನಲ್ಲಿ ಮಾಡಿ, ಮಾಲೀಕರ ಜಿದ್ದು ಜೇಬಿಗೆ ತಟ್ಟೋದಿಲ್ಲ. ಲೈಟಿನವನಿಗೆ, ಜನರೇಟರಿಗೆ, ಮೈಕಿನವನಿಗೆ, ಯೂಟ್ಯೂಬ್ ಲೈವ್ ಮಾಡುವವನಿಗೆ ಮುಂಗಡ ಕೊಟ್ಟಾದ ಮೇಲೆ ಉಳಿದದ್ದರಲ್ಲಿ ಬಹುಮಾನ ನಿಗದಿ ಮಾಡಿ. ದುಬೈಯಿಂದ ಕಳಿಸ್ತೇನೆ ಅಂದ ಪ್ರಾಯೋಜಕನ ದುಡ್ಡನ್ನು ಅದು ಖಾತೆಗೆ ಬೀಳುವವರೆಗೆ ಲೆಕ್ಕಕ್ಕೆ ಹಿಡಿಯಬೇಡಿ. ಅವರು ಒಳ್ಳೆಯವರೇ, ಆದರೆ ಲೈಟಿನವನು ಕಾಯೋದಿಲ್ಲ.

ಕೆಸಿಎಲ್‌ನಲ್ಲಿ ಕಾಸರಗೋಡು ತಂಡ ಯಾವಾಗ?

ಈಗಿರುವ ಆರು ತಂಡಗಳಲ್ಲಿ ತೀರಾ ಉತ್ತರದ್ದು ಕಲ್ಲಿಕೋಟೆ. ಅನಿಲ್ ಕುಂಬ್ಳೆ ಹೆಸರಿನ ಹಿಂದೆ ಇರುವ ಊರೇ ನಮ್ಮ ಜಿಲ್ಲೆಯಲ್ಲಿದೆ, ಆದರೂ ನಮಗೊಂದು ತಂಡ ಇಲ್ಲ. ಎಲ್ಲ ಪಂದ್ಯ ತಿರುವನಂತಪುರದಲ್ಲೇ ಆಗುವುದರಿಂದ ಇಲ್ಲಿ ದೊಡ್ಡ ಕ್ರೀಡಾಂಗಣ ಇಲ್ಲ ಅನ್ನೋದು ಅಡ್ಡಿ ಅಲ್ಲ. ಆಟಗಾರರೂ ಅಡ್ಡಿ ಅಲ್ಲ, ಅವರು ಹರಾಜಿನಲ್ಲಿ ಬರುತ್ತಾರೆ. ಬೇಕಾದದ್ದು ಲಾಭ ಕೇಳದೆ ನಾಲ್ಕೈದು ವರ್ಷ ನಿಲ್ಲುವ ಒಬ್ಬ ಮಾಲೀಕ. ಗಲ್ಫಿನಲ್ಲಿ ವ್ಯಾಪಾರ ಕಟ್ಟಿದ ನಮ್ಮವರಲ್ಲಿ ಅಷ್ಟು ಶಕ್ತಿ ಇರುವವರು ಇದ್ದಾರೆ. ತಂಡಗಳ ಸಂಖ್ಯೆ ಏರಿಸಲು ಸಂಸ್ಥೆ ಮನಸ್ಸು ಮಾಡಿದ ದಿನ ಕಣ್ಣೂರಿನವರೂ ಅರ್ಜಿ ಹಿಡಿದು ನಿಂತಿರುತ್ತಾರೆ. ಅವರಿಗಿಂತ ಮೊದಲು ಬ್ಯಾಂಕ್ ಗ್ಯಾರಂಟಿ ತಯಾರು ಮಾಡಿಟ್ಟುಕೊಳ್ಳಬೇಕು, ಅಷ್ಟೇ.